ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಯಾವ ಸಾಲಿಗೆ ಸೇರುತ್ತದೆ?



ಬೀಜೋಪಚಾರ, ಗೊಬ್ಬರದ ಗುಂಡಿ, ತೊಗರಿಯ ಕಾಯಿಕೊರಕ, ಈ ಪುಟದಲ್ಲಿ ಸಾಮಾನ್ಯವಾಗಿ ಇಂಥ ವಿಷಯಗಳೇ ಬರುತ್ತವೆ. ಈ ಸಲ ಗ್ರಾಮಸೇವಕನು ಗ್ಯಾರೇಜಿನ ಮಾತು ಎತ್ತಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟ ಹದಿನೈದು ದಿನಗಳಲ್ಲಿ ಶಹಾಪುರ, ಸುರಪುರದ ಕಡೆಗೆ ಒಮ್ಮೆ ತಿರುಗಾಡಿ ನೋಡಿರಿ. ಗದ್ದೆಯ ಕೆಸರಿನಲ್ಲಿ ಕಬ್ಬಿಣದ ಗಾಲಿ ಕಟ್ಟಿಕೊಂಡ ಟ್ರ್ಯಾಕ್ಟರು ನಿಂತುಬಿಟ್ಟಿರುತ್ತದೆ. ಸಸಿಮಡಿಯಲ್ಲಿ ಸಸಿ ಬಲಿಯುತ್ತಿರುತ್ತದೆ. ಒಡೆಯನು ಬದುವಿನ ಮೇಲೆ ನಿಂತು ಯಾರಿಗೆ ಕರೆ ಮಾಡಬೇಕೆಂದು ಯೋಚಿಸುತ್ತಿರುತ್ತಾನೆ. ಯಾದಗಿರಿಯ ಎರೆ ಭೂಮಿಯಲ್ಲಿ ಹತ್ತಿ, ತೊಗರಿ ಬಿತ್ತುವವರ ಪಾಡೂ ಬೇರೆಯಲ್ಲ. ಹದ ಹೋದರೆ ಮತ್ತೆ ಬಾರದು.

ಆದುದರಿಂದ ಎರಡು ಸಂಗತಿಗಳನ್ನು ಈ ದಿನ ತಿಳಿದುಕೊಳ್ಳೋಣ. ಯಾವ ಕೆಟ್ಟುದನ್ನು ಯಾವ ರಿಪೇರಿಯವನ ಬಳಿ ಒಯ್ಯಬೇಕು ಎಂಬುದು ಒಂದು. ನಿಮ್ಮ ಮಗನೋ ತಮ್ಮನೋ ಊರಲ್ಲಿ ಇಂಥ ಅಂಗಡಿ ತೆರೆಯಲು ಹೊರಟರೆ ಸರಕಾರದ ಪಟ್ಟಿಯಲ್ಲಿ ಅದನ್ನು ಯಾವ ಅಂಕೆಯ ಕೆಳಗೆ ಬರೆಸಬೇಕು ಎಂಬುದು ಇನ್ನೊಂದು. ಎರಡನೆಯದು ಬರೀ ಕಾಗದದ ಕೆಲಸವೆಂದು ನಾನೂ ತಿಳಿದಿದ್ದೆ. ಅದರಿಂದ ಆದ ಹಾನಿಯನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಕೈಯಿಂದ ಆದ ತಪ್ಪು

ನನ್ನ ವಲಯದ ಒಂದು ಹಳ್ಳಿಯ ಹುಡುಗ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು ಬಂದಿದ್ದ. ಊರ ಹೊರಗಿನ ತಮ್ಮ ಜಾಗದಲ್ಲಿ ತಗಡಿನ ಶೆಡ್ಡು ಹಾಕಿ ಟ್ರ್ಯಾಕ್ಟರ್ ಕೆಲಸ ಹಿಡಿದಿದ್ದ. ಸಾಲದ ಅರ್ಜಿಗೆ ಮುನ್ನ ಉದ್ಯಮ್ ನೋಂದಣಿ ಬೇಕೆಂದರು. ನಾನೇ ಮುಂದೆ ಕುಳಿತು ತುಂಬಿಸಿದೆ. ಅವನ ಚೀಟಿಗಳನ್ನು ನೋಡಿದೆ. ಎಲ್ಲದರಲ್ಲಿಯೂ ಬೇರಿಂಗು, ಸೀಲು, ಫಿಲ್ಟರು, ಆಯಿಲು ಇವುಗಳ ಬೆಲೆಯೇ ದೊಡ್ಡದು, ಕೂಲಿ ಸಣ್ಣದು. ಹಣದ ಪೆಟ್ಟಿಗೆಯ ಲೆಕ್ಕದಲ್ಲಿ ಇದು ಬಿಡಿಭಾಗದ ಅಂಗಡಿಯೇ ಎಂದು ತೀರ್ಮಾನಿಸಿ ವ್ಯಾಪಾರದ ಸಾಲನ್ನು ಆರಿಸಿದೆ. ಅರ್ಜಿ ಒಂದೂವರೆ ತಿಂಗಳ ಮೇಲೆ ಹಿಂದಕ್ಕೆ ಬಂತು: ಯೋಜನಾ ವರದಿಯಲ್ಲಿ ದುರಸ್ತಿ ಎಂದಿದೆ, ಪ್ರಮಾಣಪತ್ರದಲ್ಲಿ ವ್ಯಾಪಾರ ಎಂದಿದೆ, ಸರಿಪಡಿಸಿ ತರತಕ್ಕದ್ದು. ಅಷ್ಟರಲ್ಲಿ ತೊಗರಿ ರಾಶಿಯ ಕಾಲ ಬಂದಿತ್ತು. ಹುಡುಗ ಕೈಸಾಲ ತಂದು ಪ್ರೆಸ್ಸು ಕೊಂಡ. ಅದರ ಬಡ್ಡಿ ತೀರಿಸಲು ಅವನಿಗೆ ಒಂದು ವರ್ಷ ಹಿಡಿಯಿತು. "ಸಾಹೇಬ್ರ, ಒಂದ್ ಅಂಕಿ ತಪ್ಪಿದ್ರ ಇಷ್ಟಾಗ್ತದೇನ್ರಿ?" ಎಂದು ಅವನ ತಂದೆ ಕೇಳಿದ್ದು ನನಗೆ ಇನ್ನೂ ಮರೆತಿಲ್ಲ. ಆ ಮೇಲೆಯೇ ನಾನು ಈ ಪಟ್ಟಿಯನ್ನು ಸರಿಯಾಗಿ ಓದಿದ್ದು.

ಪಟ್ಟಿ ಎಂದರೇನು

ದೇಶದಲ್ಲಿ ನಡೆಯುವ ಎಲ್ಲ ಕಸುಬುಗಳನ್ನೂ ಬೇಸಾಯದಿಂದ ಹಿಡಿದು ಕ್ಷೌರದವರೆಗೆ ಗುಂಪು ಮಾಡಿ ಪ್ರತಿಯೊಂದಕ್ಕೂ ಒಂದು ಅಂಕೆ ಕೊಟ್ಟಿರುವುದೇ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣ. ವಿಶ್ವಸಂಸ್ಥೆಯವರು 1948ರಲ್ಲಿ ಇಂಥ ಪಟ್ಟಿಯನ್ನು ಮೊದಲು ಮಾಡಿದರು. ನಮ್ಮ ದೇಶದಲ್ಲಿ 1962ರಲ್ಲಿ ಒಂದು, ಆ ಮೇಲೆ 1970, 1987, 1998, 2004 ಮತ್ತು 2008ರಲ್ಲಿ ಪರಿಷ್ಕರಿಸಿದ ಪಟ್ಟಿಗಳು ಬಂದವು. ಉದ್ಯಮ್ ನೋಂದಣಿ 2020ರ ಜುಲೈ 1ರಂದು ಆರಂಭವಾದಾಗ ಬಳಸಿಕೊಂಡದ್ದು 2008ರ ಪಟ್ಟಿ. ಇಲ್ಲಿ ನಾನು ಕೊಡುವ ಅಂಕೆಗಳೂ ಅದರವೇ.

ಅಂಕೆಯನ್ನು ಓದುವ ಬಗೆ ಸುಲಭ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇಳಿಯುವಂತೆಯೇ ಇದೂ ಇಳಿಯುತ್ತದೆ. ಮೊದಲ ಎರಡು ಅಂಕೆ ದೊಡ್ಡ ಭಾಗ, ಮೂರನೆಯದು ಗುಂಪು, ನಾಲ್ಕನೆಯದು ವರ್ಗ, ಐದನೆಯದು ಉಪವರ್ಗ. 45 ಎಂದರೆ ಮೋಟಾರು ವಾಹನಗಳ ಮಾರಾಟ ಮತ್ತು ದುರಸ್ತಿ. ಅದರೊಳಗೆ 452 ಎಂದರೆ ದುರಸ್ತಿ ಮಾತ್ರ. ಕೊನೆಗೆ 45200. ನೋಂದಣಿಯಲ್ಲಿ ಈ ಐದಂಕಿಯನ್ನೇ ಆರಿಸಬೇಕು.

ನನ್ನ ತಪ್ಪಿನ ಬೇರು ಇಲ್ಲಿಯೇ ಇದೆ. 45ರ ತಲೆಬರಹದಲ್ಲಿ ಸಗಟು ವ್ಯಾಪಾರ, ಚಿಲ್ಲರೆ ವ್ಯಾಪಾರ, ದುರಸ್ತಿ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ತಲೆಬರಹ ಓದಿ ನಿಂತವನು ಎಲ್ಲವೂ ವ್ಯಾಪಾರವೇ ಎಂದುಕೊಳ್ಳುತ್ತಾನೆ. ಒಳಗೆ ಇಳಿದು ನೋಡಿದರೆ ಬಿಡಿಭಾಗಗಳ ಮಾರಾಟ 4530, ವಾಹನ ದುರಸ್ತಿ 4520, ಹೀಗೆ ಬೇರೆ ಬೇರೆ ಮನೆಗಳು.

ಯಾರು ಎಲ್ಲಿ?

ಕಾರು, ಜೀಪು, ಲಾರಿ, ಬಸ್ಸು ಇವುಗಳ ದುರಸ್ತಿಯೆಲ್ಲ 4520ರಲ್ಲಿ. ಎಂಜಿನ್ ಬಿಚ್ಚುವವನು, ಗೇರುಪೆಟ್ಟಿಗೆಯವನು, ಬ್ರೇಕಿನವನು, ವಿದ್ಯುತ್ತಿನ ಕೆಲಸದವನು, ತಗಡು ಬಡಿದು ಬಣ್ಣ ಹೊಡೆಯುವವನು, ಸೀಟು ಹೊಲಿಯುವವನು, ಪಂಕ್ಚರ್ ಹಾಕುವವನು, ವಾಹನ ತೊಳೆಯುವವನು, ಎಲ್ಲರೂ ಒಂದೇ ಚಾವಡಿಯ ಕೆಳಗೆ. ಬೈಕು, ಸ್ಕೂಟರು, ಮೊಪೆಡ್, ಮೂರು ಗಾಲಿಯ ಆಟೋ ಇವುಗಳ ದುರಸ್ತಿಗೆ 45403. ಸೈಕಲ್ಲು ಮೋಟಾರು ವಾಹನವಲ್ಲ. ಅದು 9529ಕ್ಕೆ, ಮನೆಬಳಕೆಯ ವಸ್ತುಗಳ ದುರಸ್ತಿಯ ಜೊತೆಗೆ ಹೋಗುತ್ತದೆ. ಸಂತೆಯಲ್ಲಿ ಸೈಕಲ್ಲು, ಬೈಕು ಎರಡನ್ನೂ ಒಬ್ಬನೇ ನೋಡುತ್ತಾನೆ ಎನ್ನುವುದು ಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲವೋ ಏನೋ!

ಇನ್ನು ಟ್ರ್ಯಾಕ್ಟರು. ಇಲ್ಲಿಯೇ ಹೆಚ್ಚು ಜನ ಎಡವುವುದು. ಸಾರಿಗೆ ಕಚೇರಿಯ ದೃಷ್ಟಿಯಲ್ಲಿ ಟ್ರ್ಯಾಕ್ಟರು ಮೋಟಾರು ವಾಹನ. ಕೆಎ 33 ಎಂದು ಫಲಕ ಬರೆಸಿಯೇ ರಸ್ತೆಗೆ ಇಳಿಸಬೇಕು. ಕೈಗಾರಿಕಾ ಪಟ್ಟಿಯ ದೃಷ್ಟಿಯಲ್ಲಿ ಅದು ವಾಹನವಲ್ಲ, ಬೇಸಾಯದ ಯಂತ್ರ. ಆದುದರಿಂದ ಅದರ ದುರಸ್ತಿ 4520ಕ್ಕೆ ಬರದೆ, ಯಂತ್ರಗಳ ದುರಸ್ತಿಯಾದ 3312ಕ್ಕೆ ಹೋಗುತ್ತದೆ. ಕೊಯ್ಲು ಯಂತ್ರ, ರೋಟವೇಟರ್, ಬಿತ್ತುವ ಯಂತ್ರ ಇವುಗಳ ದುರಸ್ತಿಯೂ ಅಲ್ಲಿಯೇ. ಮತ್ತೊಂದು ವಿಚಿತ್ರವೆಂದರೆ 33ನೆಯ ಭಾಗ ಪಟ್ಟಿಯಲ್ಲಿ ಕುಳಿತಿರುವುದು ತಯಾರಿಕೆಯ ವಿಭಾಗದಲ್ಲಿ. ಒಂದೇ ಶೆಡ್ಡಿನಲ್ಲಿ ಒಬ್ಬನೇ ಹುಡುಗ ಬೆಳಿಗ್ಗೆ ಜೀಪಿನ ಕ್ಲಚ್ಚು ಹಾಕಿದರೆ ಒಂದು ವಿಭಾಗ, ಮಧ್ಯಾಹ್ನ ಟ್ರ್ಯಾಕ್ಟರಿನ ಕ್ಲಚ್ಚು ಹಾಕಿದರೆ ಇನ್ನೊಂದು. ನೀವು ನಗಬಹುದು. ಆದರೂ ಅಂಕೆ ಹಾಗೆಯೇ ಇದೆ. ಬರಿಯ ಕಸುಬುದಾರನನ್ನು ಎಣಿಸುವ ಇನ್ನೊಂದು ಪಟ್ಟಿಯಿದೆ, 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣ. ಅದರಲ್ಲಿಯೂ ಮೋಟಾರು ಮೆಕ್ಯಾನಿಕ್‌ಗೆ 7231, ಬೇಸಾಯ ಮತ್ತು ಕಾರಖಾನೆ ಯಂತ್ರಗಳ ಮೆಕ್ಯಾನಿಕ್‌ಗೆ 7233 ಎಂದು ಬೇರೆ ಮಾಡಿದ್ದಾರೆ.

ಟಯರಿನ ವಿಷಯ ನೋಡಿರಿ. ಪಂಕ್ಚರ್ ತಿದ್ದುವುದು, ಹೊಸ ಟಯರು ಹಾಕುವುದು ದುರಸ್ತಿ. ಸವೆದ ಟಯರಿಗೆ ಹೊಸ ರಬ್ಬರಿನ ಪಟ್ಟಿ ಬೇಯಿಸಿ ಕೂಡಿಸಿದರೆ ಅದು 2211, ಟಯರು ತಯಾರಿಕೆಯ ಸಾಲು. ಹಾಗೆಯೇ ಬಾವಿಯ ಪಂಪು ದುರಸ್ತಿ 3312ರಲ್ಲಿ, ಅದರ ಮೋಟಾರಿನ ತಂತಿ ಸುತ್ತುವುದು ವಿದ್ಯುತ್ ಉಪಕರಣಗಳ ದುರಸ್ತಿಯಾದ 3314ರಲ್ಲಿ. ನಮ್ಮ ಬಡಿಗನು ಎತ್ತಿನ ಬಂಡಿ ಮಾಡಿದರೆ 3099. ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಕಟ್ಟುವವರು ಸಾಮಾನ್ಯವಾಗಿ 2920ಕ್ಕೆ ಸೇರುತ್ತಾರೆ. ತಾನೇ ತುಂಬಿಕೊಳ್ಳುವ, ತಾನೇ ಸುರಿಯುವ ಬೇಸಾಯದ ಟ್ರೇಲರು ಮಾಡಿದರೆ 2821, ಕೃಷಿ ಯಂತ್ರ ತಯಾರಿಕೆ.

ವಿಶೇಷ ಕೆಲಸದವರನ್ನು ಗುರುತಿಸುವುದು

ಅಮೆರಿಕದ ಪಟ್ಟಿಯಲ್ಲಿ ಎಲ್ಲ ಕೆಲಸ ಮಾಡುವ ಗ್ಯಾರೇಜಿಗೆ 811111, ಒಂದೇ ಬಗೆಯ ಕೆಲಸದವರಿಗೆ 811114 ಎಂದು ಬೇರೆ ಅಂಕೆಗಳಿವೆ. 2022ಕ್ಕಿಂತ ಮುಂಚೆ ಹೊಗೆಕೊಳವೆಯವನಿಗೆ ಒಂದು, ಗೇರುಪೆಟ್ಟಿಗೆಯವನಿಗೆ ಒಂದು ಎಂದು ಇನ್ನೂ ಸಣ್ಣಗೆ ಹಂಚಿದ್ದರು. ಆ ವರ್ಷ ಕೂಡಿಸಿಬಿಟ್ಟರು. ನಮ್ಮ ಪಟ್ಟಿಯಲ್ಲಿ ಆ ಭೇದವಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದಿದ್ದರೂ ಪೇಟೆಯಲ್ಲಿ ಆ ಭೇದ ಇದ್ದೇ ಇದೆ. ಅದು ತಿಳಿಯದೆ ಸಿಕ್ಕವನ ಕೈಗೆ ಯಂತ್ರ ಕೊಡುವುದರಿಂದಲೇ ರೈತರ ಹಣ ಹೆಚ್ಚಾಗಿ ಹಾಳಾಗುವುದು.

ಹೊಗೆಯನ್ನು ನೋಡುವುದನ್ನು ಮೊದಲು ಕಲಿಯಿರಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೆ ಡೀಸೆಲು ಹೆಚ್ಚಾಗಿದೆ ಎಂದರ್ಥ. ಹತ್ತರಲ್ಲಿ ಅನೇಕ ಸಲ ಗಾಳಿಯ ಜರಡಿಯಲ್ಲಿ ರಾಶಿಯ ಧೂಳು ಕಟ್ಟಿಕೊಂಡಿರುತ್ತದೆ. ಅದನ್ನು ನೀವೇ ಬಿಚ್ಚಿ ಶುದ್ಧ ಮಾಡಬಹುದು. ಎಣ್ಣೆಯ ಬಟ್ಟಲಿದ್ದರೆ ಎಣ್ಣೆ ಬದಲಿಸಿರಿ. ಆ ಮೇಲೂ ನಿಲ್ಲದಿದ್ದರೆ ಡೀಸೆಲ್ ಪಂಪು, ನಾಜಲ್ ನೋಡುವವನ ಬಳಿ ಹೋಗಬೇಕು. ಪಂಪಿನ ಒಳಗಿನ ಕೊಂತಕ್ಕೂ ಅದರ ನಳಿಗೆಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗದಷ್ಟು. ತಲೆಗೂದಲು ಅದಕ್ಕಿಂತ ಎಷ್ಟೋ ಪಾಲು ದಪ್ಪ. ಇದನ್ನು ಅಳತೆಯ ಮೇಜು ಇಲ್ಲದೆ ಮರದ ಕೆಳಗೆ ಬಿಚ್ಚುವೆನೆಂದು ಯಾರಾದರೂ ಮುಂದೆ ಬಂದರೆ ಕೈ ಮುಗಿದು ಕಳುಹಿಸಿರಿ. ಒಂದು ಕಣ ಮಣ್ಣು ಹೊಕ್ಕರೂ ಪಂಪು ಕೆಟ್ಟಂತೆಯೇ.

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ಪಿಸ್ಟನ್ ರಿಂಗು, ಲೈನರು ಸವೆದಿರಬಹುದು. ಇದು ಎಂಜಿನ್ ಕಟ್ಟುವವನ ಮತ್ತು ಬೋರಿಂಗ್ ಯಂತ್ರವಿರುವ ಲೇಥ್ ಅಂಗಡಿಯವನ ಕೆಲಸ. ಪಂಪು ಬದಲಿಸಿದರೆ ಹೋಗದು. ಬಿಳಿ ಹೊಗೆ ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬಂದರೆ ಹೆದರಬೇಡಿರಿ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ನೀರು ಒಳಗೆ ಹೋಗುತ್ತಿರಬಹುದು. ಯಂತ್ರವನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಇನ್ನೊಂದೆಕರೆ ಮುಗಿಸೋಣವೆಂದು ಓಡಿಸಿದರೆ ಹೆಡ್ಡೇ ಸೊಟ್ಟಗಾದೀತು.

ಕಾಲುವೆಯ ಕಡೆಯವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಕಬ್ಬಿಣದ ಗಾಲಿ ಕಟ್ಟಿ ಮೊಣಕಾಲು ಕೆಸರಿನಲ್ಲಿ ದಿನಗಟ್ಟಲೆ ಓಡಿಸಿದ ಮೇಲೆ ಅಚ್ಚಿನ ಸೀಲುಗಳ ಮೂಲಕ ನೀರು ಒಳಹೊಗುತ್ತದೆ. ಹಂಗಾಮು ಮುಗಿದ ಕೂಡಲೆ ಗೇರುಪೆಟ್ಟಿಗೆಯ ಅಳತೆ ಕಡ್ಡಿಯನ್ನು ಎಳೆದು ನೋಡಿರಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಆಗ ಎಣ್ಣೆಯನ್ನೂ ಸೀಲನ್ನೂ ಬದಲಿಸಿದರೆ ಕೆಲಸ ಸಣ್ಣದರಲ್ಲಿ ತೀರುತ್ತದೆ. ಬೇಸಿಗೆಯ ತನಕ ಹಾಗೆಯೇ ಬಿಟ್ಟರೆ ಬೇರಿಂಗು ತುಕ್ಕು ಹಿಡಿದು, ಗೇರು ಕಚ್ಚಿ, ಮುಂದಿನ ಮುಂಗಾರಿಗೆ ಇಡೀ ಪೆಟ್ಟಿಗೆ ಬಿಚ್ಚುವ ಪ್ರಸಂಗ ಬರುತ್ತದೆ. ಹೈಡ್ರಾಲಿಕ್ಕು ಎತ್ತದಿದ್ದರೆ ಮೊದಲು ಎಣ್ಣೆಯ ಮಟ್ಟ ಮತ್ತು ಅದರ ಜರಡಿ ನೋಡಿರಿ. ಎತ್ತಿದ ಕುಂಟೆ ಎಂಜಿನ್ ನಿಲ್ಲಿಸಿದ ಮೇಲೆ ತಾನಾಗಿ ಬೇಗ ಕೆಳಗಿಳಿದರೆ ಒಳಗೆ ಸೋರುತ್ತಿದೆ. ಅದಕ್ಕೆ ಹೈಡ್ರಾಲಿಕ್ ಬಲ್ಲವನೇ ಬೇಕು. ಸೆಲ್ಫು ತಿರುಗದಿದ್ದರೆ ವಿದ್ಯುತ್ತಿನವನನ್ನು ಕರೆಯುವ ಮುನ್ನ ಬ್ಯಾಟರಿಯ ಗುಬಟುಗಳ ಮೇಲೆ ಕಟ್ಟಿದ ಹಸಿರು ಬಿಳಿ ಹೊರೆಯನ್ನು ಬಿಸಿನೀರಿನಿಂದ ತೊಳೆದು ಬಿಗಿಮಾಡಿ ನೋಡಿರಿ.

ಯಾವ ಕೆಲಸವಾದರೂ ಚೀಟಿಯಲ್ಲಿ ಕೂಲಿ ಬೇರೆ, ಭಾಗದ ಬೆಲೆ ಬೇರೆ ಬರೆಸಿಕೊಳ್ಳಿರಿ. ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿರಿ. ಈ ಚೀಟಿ ನಿಮಗೂ ಬೇಕು, ಅಂಗಡಿಯವನಿಗೂ ಬೇಕು. ಅವನಿಗೆ ಏಕೆ ಬೇಕೆಂಬುದು ಮುಂದೆ ಬರುತ್ತದೆ.

ಮುಖ್ಯ ಕಸುಬು ಯಾವುದೆಂದು ಗೊತ್ತುಮಾಡುವ ಲೆಕ್ಕ

ಒಂದೇ ಅಂಗಡಿಯಲ್ಲಿ ಎರಡು ಕೆಲಸವಿದ್ದರೆ ಯಾವ ಅಂಕೆ? ಹೆಚ್ಚು ಹಣ ಓಡಾಡುವ ಕೆಲಸ ಎಂದು ನಾನು ತಿಳಿದದ್ದೇ ತಪ್ಪು. ಪಟ್ಟಿಯ ನಿಯಮ ಹೇಳುವುದು ಕೂಡಿಸಿದ ಮೌಲ್ಯವನ್ನು ನೋಡಬೇಕೆಂದು. ಅಂದರೆ ಬಂದ ಹಣದಲ್ಲಿ ಹೊರಗಿನಿಂದ ಕೊಂಡದ್ದನ್ನು ಕಳೆದು ಉಳಿದದ್ದು.

ಒಂದು ಅಂಗಡಿಯಲ್ಲಿ ತಿಂಗಳಿಗೆ 60,000 ರೂಪಾಯಿನ ಬಿಡಿಭಾಗ ಮಾರಾಟವಾಯಿತೆಂದು ಇಟ್ಟುಕೊಳ್ಳಿರಿ. ಅವನ್ನು ಕೊಂಡದ್ದು 54,000ಕ್ಕೆ. ಉಳಿದದ್ದು 6,000. ಅದೇ ತಿಂಗಳು ಕೂಲಿಯೆಂದು 25,000 ಬಂತು. ವಿದ್ಯುತ್ತು, ವೆಲ್ಡಿಂಗ್ ಕಡ್ಡಿ, ಅರಿವೆ ಚೂರು, ಸೀಮೆಎಣ್ಣೆ ಎಂದು 5,000 ಕಳೆದರೆ 20,000. ಹಣದ ಪೆಟ್ಟಿಗೆ ವ್ಯಾಪಾರ ಎನ್ನುತ್ತದೆ. ಲೆಕ್ಕ ದುರಸ್ತಿ ಎನ್ನುತ್ತದೆ. ಲೆಕ್ಕದ ಮಾತೇ ಸರಿ. ಹೊಲದಲ್ಲಿಯೂ ಹೀಗೆಯೇ ಅಲ್ಲವೇ? ಹತ್ತಿಗೆ ಬಂದ ಹಣವನ್ನು ಕಂಡು ಹಿಗ್ಗಿದವನು ಬೀಜ, ಔಷಧ, ಬಿಡಿಸುವ ಕೂಲಿ ಕಳೆದ ಮೇಲೆ ಜೋಳದ ಕಡೆಗೆ ನೋಡುತ್ತಾನೆ.

ಚೀಟಿ ಬೇರೆ ಬೇರೆ ಬರೆದಿದ್ದರೆ ಈ ಲೆಕ್ಕ ಐದು ನಿಮಿಷದ ಕೆಲಸ. ಒಟ್ಟಾಗಿ ಬರೆದಿದ್ದರೆ ಯಾರೂ ಬಿಡಿಸಲಾರರು. ನಮ್ಮ ಹುಡುಗನ ಚೀಟಿಗಳಲ್ಲಿ ಕೂಲಿ ಬೇರೆಯಾಗಿಯೇ ಇತ್ತು. ಕಳೆಯುವ ಲೆಕ್ಕ ಮಾಡದಿದ್ದವನು ನಾನು.

ಅಂಕೆಯಿಂದ ಆಗುವುದೇನು

ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿಯ ಬಾಗಿಲು ತೆರೆದದ್ದು 2021ರ ಜುಲೈ 2ರಂದು. ಆದರೆ ಅವರಿಗೆ ಕೊಟ್ಟದ್ದು ಬ್ಯಾಂಕಿನ ಆದ್ಯತಾ ವಲಯದ ಸಾಲದ ಪ್ರಯೋಜನ ಮಾತ್ರ. ಸಣ್ಣ ಉದ್ಯಮಗಳಿಗೆ ಇರುವ ಉಳಿದ ಸೌಲಭ್ಯಗಳು ತಯಾರಿಕೆ ಮತ್ತು ಸೇವೆಯವರಿಗೆ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ 2022ರಲ್ಲಿ ಯೋಜನಾ ವೆಚ್ಚದ ಮಿತಿಯನ್ನು ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷ ಎಂದು ಗೊತ್ತುಮಾಡಿದರು; ಹಳ್ಳಿಯಲ್ಲಿ ಸಹಾಯಧನ ಸಾಮಾನ್ಯರಿಗೆ ಶೇಕಡಾ 25, ಮಹಿಳೆಯರು, ಪರಿಶಿಷ್ಟರು ಮುಂತಾದವರಿಗೆ 35. 3312 ತಯಾರಿಕೆಯ ವಿಭಾಗದಲ್ಲಿದೆ ಎಂದ ಮಾತ್ರಕ್ಕೆ ದುರಸ್ತಿ ಶೆಡ್ಡಿಗೆ 50 ಲಕ್ಷದ ಆಸೆ ಇಟ್ಟುಕೊಳ್ಳಬೇಡಿರಿ. ಸಾಲ ಕೊಡುವವರ ನಿಯಮ ಬೇರೆ, ಪಟ್ಟಿಯ ವಿಭಾಗ ಬೇರೆ. ಅರ್ಜಿ ಹಾಕುವ ವರ್ಷದ ನಿಯಮವನ್ನು ಕೇಳಿಕೊಂಡೇ ಮುಂದುವರಿಯಿರಿ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬಡಿಗ ಇದ್ದಾರೆ. ಮೋಟಾರು ಮೆಕ್ಯಾನಿಕ್ ಇಲ್ಲ. ಕುಲುಮೆಯಲ್ಲಿ ಕುಡ, ಕುರ್ಪಿ ಬಡಿಯುವ ಮನೆತನದ ಹುಡುಗ ಜೊತೆಗೆ ಟ್ರ್ಯಾಕ್ಟರಿನ ನೇಗಿಲೂ ತಿದ್ದುತ್ತಿದ್ದರೆ ಯಾವ ಬಾಗಿಲು ತಟ್ಟಬೇಕೆಂದು ಮೊದಲೇ ಯೋಚಿಸಲಿ.

ಟ್ರ್ಯಾಕ್ಟರು ಇಟ್ಟುಕೊಂಡು ಬೇರೆಯವರ ಹೊಲ ಬಾಡಿಗೆಗೆ ಉಳುವವರೂ ಕೇಳುತ್ತಾರೆ. ಚಾಲಕನ ಸಮೇತ ಹೋಗಿ ಉತ್ತರೆ ಅದು 0161, ಬೆಳೆಗೆ ಪೂರಕ ಕೆಲಸ. ಯಂತ್ರವನ್ನಷ್ಟೇ ಬಾಡಿಗೆಗೆ ಕೊಟ್ಟರೆ 7730. ಅದನ್ನು ದುರಸ್ತಿಯೊಂದಿಗೆ ಬೆರೆಸಬೇಡಿರಿ.

ತೆರಿಗೆಯ ಕಾಗದದಲ್ಲಿ ಕಾಣುವ ಅಂಕೆ ಇವೆಲ್ಲಕ್ಕಿಂತ ಬೇರೆ. ಅಲ್ಲಿ ದುರಸ್ತಿ ಸೇವೆಗೆ 9987 ಎಂದು ಆರಂಭವಾಗುತ್ತದೆ. ಅದನ್ನು ಉದ್ಯಮ್ ಕಾಗದದಲ್ಲಿ ಹುಡುಕಿ ಸಿಗಲಿಲ್ಲವೆಂದು ಕಂಗಾಲಾದವರನ್ನು ಕಂಡಿದ್ದೇನೆ. ಬರಿಯ ಸರಕು ಮಾರುವವನಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿಯ ವಿನಾಯಿತಿ ಇದ್ದರೆ, ಸೇವೆಯೂ ಸೇರಿದವನಿಗೆ 20 ಲಕ್ಷದವರೆಗೆ. ಅಂಗಡಿ ಬೆಳೆದಾಗ ಇದು ನೆನಪಿರಲಿ.

ಅಂಕೆಗಳು ಕಲ್ಲಿನ ಮೇಲೆ ಬರೆದವಲ್ಲ. ವಿಶ್ವಸಂಸ್ಥೆಯವರು 2023ರಲ್ಲಿ ಒಪ್ಪಿದ ಐದನೆಯ ಪರಿಷ್ಕರಣೆಯಲ್ಲಿ ಮೋಟಾರು ದುರಸ್ತಿಯನ್ನು ವ್ಯಾಪಾರದ ಮನೆಯಿಂದ ಹೊರತಂದು ಇತರ ದುರಸ್ತಿಗಳ ಜೊತೆ 95ಕ್ಕೆ ಸೇರಿಸಿದ್ದಾರೆ. ನನಗೆ ಕೇಳಿದರೆ ಅದೇ ಸರಿ. ರೆಂಚು ಹಿಡಿದವನನ್ನು ತಕ್ಕಡಿ ಹಿಡಿದವನ ಪಕ್ಕದಲ್ಲಿ ಕೂಡಿಸಬಾರದಿತ್ತು. ನಮ್ಮ ದೇಶದ ಪಟ್ಟಿಯೂ ಅದನ್ನು ಅನುಸರಿಸಿ ನಡೆಯುವುದರಿಂದ, ಅರ್ಜಿ ತುಂಬುವ ದಿನ ಪರದೆಯ ಮೇಲೆ ಯಾವ ವರ್ಷದ ಪಟ್ಟಿ ಕಾಣುತ್ತದೆಯೋ ಅದನ್ನೇ ಓದಿರಿ. 3312ರ ಕೆಳಗೆ ಐದಂಕಿಯ ಸಾಲುಗಳು ಹಲವು. ಎಲ್ಲವನ್ನೂ ಓದಿ ನಿಮ್ಮ ಕೆಲಸಕ್ಕೆ ಹೊಂದುವುದನ್ನು ಆರಿಸಬೇಕು. ಎರಡು ಬಗೆಯ ಕೆಲಸವಿದ್ದರೆ ಒಂದಕ್ಕಿಂತ ಹೆಚ್ಚು ಸಾಲು ಸೇರಿಸಲು ಅವಕಾಶವಿದೆ.

ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಇದಕ್ಕೆಂದು ಸಾವಿರ, ಎರಡು ಸಾವಿರ ಕೇಳುವವರಿಗೆ ಕೊಡಬೇಡಿರಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಕಾಗದ ಲಗತ್ತಿಸುವುದೂ ಇಲ್ಲ. ಪ್ಯಾನ್, ಜಿಎಸ್‌ಟಿ ಇಲ್ಲದ ತೀರ ಸಣ್ಣ ಅಂಗಡಿಯವರಿಗಾಗಿ 2023ರ ಜನವರಿಯಲ್ಲಿ ಉದ್ಯಮ್ ಅಸಿಸ್ಟ್ ಎಂಬ ವ್ಯವಸ್ಥೆ ಬಂದಿದೆ. ಅದನ್ನು ಬ್ಯಾಂಕಿನ ಮೂಲಕ ಮಾಡಿಸಿಕೊಳ್ಳಬಹುದು. ಈಗಾಗಲೇ ತಪ್ಪು ಅಂಕೆ ಬರೆಸಿರುವವರು ಹೊಸ ನೋಂದಣಿ ಮಾಡಬಾರದು, ಇದ್ದುದನ್ನೇ ತಿದ್ದಬಹುದು.

ನಮ್ಮ ಹುಡುಗನದನ್ನು ಹಾಗೆಯೇ ತಿದ್ದಿದೆವು. ಮೊದಲ ಸಾಲಿನಲ್ಲಿ 3312ರ ಅಂಕೆ, ಎರಡನೆಯದರಲ್ಲಿ ಜೀಪು, ಲಾರಿಗೆಂದು 45200. ಎರಡನೆಯ ಅರ್ಜಿ ಹಿಂದಕ್ಕೆ ಬರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಈ ಕೆಲಸವಿದ್ದರೆ ನಾನು ಹಳ್ಳಿಗೆ ಬರುವ ದಿನ ಮೂರು ತಿಂಗಳ ಚೀಟಿಗಳನ್ನು ದಾರದಲ್ಲಿ ಪೋಣಿಸಿ ತನ್ನಿರಿ. ಈ ಸಲ ಕಳೆಯುವ ಲೆಕ್ಕವನ್ನು ಮೊದಲು ಮಾಡಿ, ಅಂಕೆಯನ್ನು ಆ ಮೇಲೆ ಬರೆಯೋಣ.